ನಾಯಕನಿಗೆ ದನಿ ಕೊಟ್ಟ ಫಕೀರಪ್ಪ

ಗದಗಿನ ಫಕೀರಪ್ಪ ಪುಣೆಯ ಸದಾಶಿವ ಪೇಠದ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಹಳೆಯ ಹಾಲಿವುಡ್ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವ ಸ್ಟುಡಿಯೊ ಅದೇ ಗಲ್ಲಿಯಲ್ಲಿ ಶುರುವಾದಾಗ, ಅದರ ಮಾಲೀಕ ಸ್ವಪ್ನಿಲ್ ಪರದೆಯ ಬಟ್ಟೆಗೆಂದು ಅಂಗಡಿಗೆ ಬಂದ. ಫಕೀರಪ್ಪ ಗಿರಾಕಿಯೊಬ್ಬಳಿಗೆ ಕನ್ನಡದಲ್ಲಿ ಇಳಕಲ್ ಸೀರೆಯ ಸೆರಗನ್ನು ಬಣ್ಣಿಸುತ್ತಿದ್ದ. ಮಾತು ತಿಳಿಯದಿದ್ದರೂ ಆ ದನಿಗೆ ಸ್ವಪ್ನಿಲ್ ನಿಂತಲ್ಲೇ ನಿಂತ. ಆ ವಾರವೇ ಫಕೀರಪ್ಪ ಮೈಕಿನ ಮುಂದಿದ್ದ.

ಅವನ ಪಾಲಿಗೆ ಬಂದದ್ದು ಒಬ್ಬನೇ ನಾಯಕ. ಮೊದಲ ಚಿತ್ರದಲ್ಲಿ ಆ ನಟ ಕತ್ತಿ ಹಿಡಿದು ಹಡಗಿನಿಂದ ಹಡಗಿಗೆ ಹಾರುವ ತರುಣ. ಆಮೇಲೆ ಟೋಪಿ ಓರೆಯಾಗಿಟ್ಟ ಪತ್ತೇದಾರ, ಯುದ್ಧದಿಂದ ಕುಂಟುತ್ತ ಮರಳಿದ ಪ್ರೇಮಿ. ಚಿತ್ರದಿಂದ ಚಿತ್ರಕ್ಕೆ ನಟನ ಕೂದಲು ನೆರೆಯಿತು, ಫಕೀರಪ್ಪನದೂ ನೆರೆಯಿತು. ಸುಳ್ಳು ಹೇಳುವಾಗ ಆ ನಟ ಯಾವ ಮಾತನ್ನು ನುಂಗುತ್ತಾನೆ ಎಂಬುದೂ ಅವನಿಗೆ ಗೊತ್ತು. ಆದರೆ ದನಿ ಕೊಟ್ಟವನೆಂದು ಒಂದು ಚಿತ್ರದಲ್ಲೂ ಫಕೀರಪ್ಪನ ಹೆಸರಿಲ್ಲ. ಕೇಳಿದಾಗಲೆಲ್ಲ ಸ್ವಪ್ನಿಲ್, "ಮುಂದಿನ ಸಲ, ಕಾಕಾ" ಎನ್ನುತ್ತಿದ್ದ.

ಕಳೆದ ವರ್ಷ ಆ ನಟನ ಕೊನೆಯ ಚಿತ್ರ ಸ್ಟುಡಿಯೊಗೆ ಬಂತು. ಮುಪ್ಪಿನ ನ್ಯಾಯಾಧೀಶನ ಪಾತ್ರ. ಫಕೀರಪ್ಪ ಧನಕವಡಿಯ ಮನೆಯಲ್ಲಿ ಹೆಂಡತಿ ನಾಗವ್ವನನ್ನು ಎದುರು ಕೂರಿಸಿಕೊಂಡು ತಾಲೀಮು ಮಾಡಿದ. ಸ್ಟುಡಿಯೊಗೆ ಹೋದರೆ ಸ್ವಪ್ನಿಲ್ ಮರಾಠಿಯಲ್ಲಿ ಹೇಳಿದ: "ಇದಕ್ಕೆ ಬೆಂಗಳೂರಿನ ದೊಡ್ಡ ನಟರು ಬರುತ್ತಾರೆ, ಕಾಕಾ. ಪೋಸ್ಟರಿನ ಮೇಲೆ ಅವರ ಹೆಸರು ಹಾಕಬಹುದು. ನೀವು ಕೋರ್ಟಿನ ಜವಾನನ ಮಾತು ಆಡಿ."

ಸಿಟ್ಟಿಗೆ ಫಕೀರಪ್ಪನ ಬಾಯಿಗೆ ಮರಾಠಿಯೇ ಬರಲಿಲ್ಲ. "ಅವರ ಹೆಸರು ಹಾಕಾಕ ಜಾಗಾ ಅದ. ಇಷ್ಟು ವರ್ಷ ನನ್ನ ಹೆಸರಿಗೆ ಆ ಜಾಗಾ ಎಲ್ಲಿ ಹೋಗಿತ್ತು? ಆ ಮನಿಷ್ಯಾ ಮುದುಕ ಆಗೂತನಕ ನಾ ಬೇಕಾಗಿದ್ದೆ."

ನಾಯಕಿಯರಿಗೆ ದನಿ ಕೊಡುತ್ತಿದ್ದ ಧಾರವಾಡದ ನೀಲಿಮಾ ಅದನ್ನು ಮರಾಠಿಗೆ ತಿರುಗಿಸಿದಳು, ಒಂದು ಮಾತನ್ನೂ ಮೆದುಗೊಳಿಸದೆ. ಆಮೇಲೆ ಚೀಲ ಎತ್ತಿಕೊಂಡಳು. "ನಡೀರಿ ಅಣ್ಣಾರ. ಎಲ್ಲಾರ ಹೆಸರು ಹಾಕೂತನಕ ನಾನೂ ಬಾಯಿ ತೆರಿಯೂದಿಲ್ಲ."

ನಾಯಕಿಯ ಮಾತು ಅರ್ಧಕ್ಕೆ ನಿಂತಿತು, ಬಿಡುಗಡೆ ಹತ್ತಿರವಾಗಿತ್ತು. ಸ್ವಪ್ನಿಲ್ ಬಗ್ಗಲೇಬೇಕಾಯಿತು. ಹಳೆಯ ಚಿತ್ರಗಳಿಗೂ ಹೆಸರು ಸೇರಿಸಲು ಒಪ್ಪಿದ. ನ್ಯಾಯಾಧೀಶನ ಪಾತ್ರ ಮಾತ್ರ ಬೆಂಗಳೂರಿಗೇ ಹೋಯಿತು. ಜವಾನನ ಮಾತನ್ನು ಫಕೀರಪ್ಪ ಆಡಲಿಲ್ಲ.

ಹೆಸರು ಸೇರಿತೆಂಬ ಸುದ್ದಿ ಬಂದ ಭಾನುವಾರ ನಾಗವ್ವ ನೀಲಿಮಾಳನ್ನೂ ಊಟಕ್ಕೆ ಕರೆದಳು. ಟಿವಿಯಲ್ಲಿ ಸಿನಿಮಾ ಆ್ಯಪು ತೆರೆದು ಪತ್ತೇದಾರನ ಚಿತ್ರ ಹಚ್ಚಿದರು. ಕತೆ ಮುಗಿದು ಹೆಸರುಗಳು ಮೇಲೇರತೊಡಗಿದವು. ಅಷ್ಟರಲ್ಲಿ ಆ್ಯಪು ಅವನ್ನು ಮೂಲೆಗೆ ತಳ್ಳಿ ತಾನಾಗಿಯೇ ಬೇರೆ ಚಿತ್ರ ಶುರು ಮಾಡಿತು.

"ಎಲ್ಲಿ ಬಂತ್ರಿ?" ಎಂದಳು ನಾಗವ್ವ.

ಹಿಂದಕ್ಕೆ ಓಡಿಸಿದರು. ಮತ್ತೆ ಹಾರಿತು. ಕೊನೆಗೆ ನೀಲಿಮಾ ಅದನ್ನು ತಡೆಯುವ ಬಟನ್ ಹುಡುಕಿದಳು. ಎಲ್ಲರ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಫಕೀರಪ್ಪನ ಹೆಸರು ಸರಿದುಹೋಯಿತು. ನಾಗವ್ವ ಕನ್ನಡಕ ಏರಿಸುವಷ್ಟರಲ್ಲಿ ಅದೂ ಇಲ್ಲ.

"ಇದೇನು ಹೆಸರು ಹಾಕಿದ್ದೋ, ಮುಚ್ಚಿಟ್ಟಿದ್ದೋ?" ಎಂದ ಫಕೀರಪ್ಪ. ಅನ್ನದ ಮೇಲೆ ಹಾಕಿದ ಸಾರು ಆರುತ್ತಿತ್ತು.

ಮರುದಿನ ಬೆಳಿಗ್ಗೆ ಸ್ಟುಡಿಯೊದ ಶಟರ್ ಏರುವ ಮುಂಚೆಯೇ ಅವನು ಬಾಗಿಲಲ್ಲಿದ್ದ. ನೀಲಿಮಾ ಆಗಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು.