ಮಾವ ಬಂದಾರ್ರಿ

ನನ್ನ ಮಗಳು ಓದುವ ಹೈಸ್ಕೂಲು ಕಾಪು ಪೇಟೆಯಿಂದ ಸ್ವಲ್ಪ ಒಳಗೆ, ಇಗರ್ಜಿಯ ಹಿಂದುಗಡೆ ಇದೆ. ಪೋಷಕರ ಸಭೆಗೆ ಹೋದರೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕಣ್ಣಿಗೆ ಬೀಳದ ಹಾಗೆ ಕಂಬದ ಮರೆಯಲ್ಲಿ ಕೂರುವುದು ನನ್ನ ಕ್ರಮ. ಕಣ್ಣಿಗೆ ಬಿದ್ದವರ ತಲೆಗೆ ಏನಾದರೊಂದು ಕೆಲಸ ಬೀಳುತ್ತದೆ. ಆ ಸಲ ಅವರು, "ಹತ್ತನೇ ಕ್ಲಾಸಿನ ಕನ್ನಡ ಮೀಡಿಯಂ ಮಕ್ಕಳ ಜೊತೆ ಸಂಜೆ ಒಂದು ಗಂಟೆ ಕೂತು ಓದಿಸಲಿಕ್ಕೆ ಯಾರಿದ್ದೀರಿ?" ಎಂದು ಕೇಳಿದಾಗ ನಾನು ಬ್ಯಾಗಿನೊಳಗೆ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದ ಗೆಳತಿ, ಎರ್ಮಾಳಿನ ಮೀನುಗಾರರ ಮನೆಯವಳು, ನನ್ನ ಕೈ ಹಿಡಿದು ಮೇಲಕ್ಕೆತ್ತಿಯೇಬಿಟ್ಟಳು.

"ಇವಳದ್ದು ಬಿ.ಎ. ಆಗಿದೆ ಸಿಸ್ಟರ್. ಗಂಡ ದುಬೈಯಲ್ಲಿ. ಎಲ್ಲೂರಿನ ಮನೆಯಲ್ಲಿ ಮಧ್ಯಾಹ್ನ ಮಲಗುವುದು ಬಿಟ್ಟರೆ ಬೇರೆ ಎಂತ ಕೆಲಸವೂ ಇಲ್ಲ."

ಸಭೆ ನಕ್ಕಿತು. ಸಿಸ್ಟರ್ ನನ್ನ ಹೆಸರು ಬರೆದುಕೊಂಡರು. ಗೆಳತಿಯ ಜೊತೆ ಎರಡು ದಿನ ಮಾತು ಬಿಟ್ಟೆ, ಮೂರನೆಯ ದಿನ ಅವಳೇ ಬೂತಾಯಿ ಮೀನು ಕೊಟ್ಟು ಕಳಿಸಿದ್ದರಿಂದ ರಾಜಿಯಾಯಿತು.

ನಮ್ಮ ಗುಂಪಿನಲ್ಲಿ ಐದಾರು ಮಂದಿ ತಾಯಂದಿರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಅಜ್ಜ. ನಮ್ಮ ಸ್ವಂತ ಮಕ್ಕಳೆಲ್ಲ ಅದೇ ಶಾಲೆಯ ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ಮೀಡಿಯಂನಲ್ಲಿ ಈಗ ಉಳಿದಿರುವವರು ಹೆಚ್ಚಾಗಿ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಒಬ್ಬೊಬ್ಬ ಪೋಷಕರಿಗೆ ಒಂದೊಂದು ಮಗುವನ್ನು ಸಿಸ್ಟರ್ ಹಂಚಿದರು. ಇದಕ್ಕೆ ಶಾಲೆಗಳಲ್ಲಿ 'ದತ್ತು' ಎನ್ನುತ್ತಾರೆ. ಪರೀಕ್ಷೆ ಮುಗಿಯುವ ತನಕ ಆ ಮಗುವಿನ ಓದು ನಮ್ಮ ಹೊಣೆ. ದತ್ತು ಎಂಬ ಮಾತು ಕೇಳಿ ನನಗೆ ನಗು ಬಂತು. ಒಂದನ್ನು ಹೆತ್ತು ಸಾಕುವುದರಲ್ಲೇ ಸಾಕುಸಾಕಾಗಿತ್ತು.

ನನ್ನ ಪಾಲಿಗೆ ಬಂದವಳು ಎರಡು ಜಡೆಯ, ಮಾತಿಗೆ ಮೊದಲೇ ನಗುವ ಹುಡುಗಿ. ಅವಳ ಅಪ್ಪ ಮಣಿಪಾಲದಲ್ಲಿ ಅಪಾರ್ಟ್‌ಮೆಂಟುಗಳಿಗೆ ಕಾಂಕ್ರೀಟಿನ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು, ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಈಗ ಮನೆಯಲ್ಲೇ ಇದ್ದ. ಅಮ್ಮ ಬೆಳಗಿನ ಮೊದಲ ಬಸ್ಸಿಗೆ ಉಡುಪಿಗೆ ಹೋಗಿ ಹೋಟೆಲೊಂದರಲ್ಲಿ ಪಾತ್ರೆ ತೊಳೆದು ಕತ್ತಲಾಗುವಾಗ ಮರಳುತ್ತಿದ್ದಳು. ಹುಡುಗಿಯ ಉತ್ತರಪತ್ರಿಕೆಯಲ್ಲಿ 'ಇದೆ' ಎಂದು ಇರಬೇಕಾದಲ್ಲೆಲ್ಲ 'ಐತಿ' ಇರುತ್ತಿತ್ತು. ಅದನ್ನು ತಿದ್ದುವುದೇ ನನ್ನ ಮೊದಲ ಕೆಲಸವಾಯಿತು.

"ಐತಿ ಅಲ್ಲ, ಇದೆ. ಪುಸ್ತಕದಲ್ಲಿ ಎಂತ ಉಂಟೋ ಹಾಗೆ ಬರೆಯಬೇಕು."

"ಉಂಟು ಅಂತ ಪುಸ್ತಕದಾಗ ಎಲ್ಲೈತ್ರಿ ಟೀಚರ?"

ನಾನು ಟೀಚರೂ ಅಲ್ಲ, ನನ್ನ ಕನ್ನಡ ಮನೆಯ ಭಾಷೆಯೂ ಅಲ್ಲ. ನಾವು ಮನೆಯಲ್ಲಿ ತುಳು ಆಡುವವರು. ತಲೆಯೊಳಗೆ ತುಳುವಿನಲ್ಲಿ ಕೇಳಿಸಿಕೊಂಡು, ಬಾಯಲ್ಲಿ ಕನ್ನಡದಲ್ಲಿ ಉತ್ತರ ಕೊಡುವ ಜಾತಿ ನಮ್ಮದು. ಕನ್ನಡ ನಿಜವಾಗಿ ಅವಳದ್ದು. ಆದರೂ ಅಂಕ ಕಡಿಮೆ ಬರುತ್ತಿದ್ದದ್ದು ಅವಳಿಗೇ. ಆಮೇಲೆ ನಾನು 'ಉಂಟು' ಎಂದಾಗಲೆಲ್ಲ ಅವಳು ಕೆಂಪು ಪೆನ್ನು ಎತ್ತಿ ಗಾಳಿಯಲ್ಲಿ ಗೀರು ಹಾಕುವುದು ಒಂದು ಆಟವಾಯಿತು.

ಒಂದು ಸಂಜೆ ಸಿಸ್ಟರ್ ಬಂದು, ಮುಂದೆ ಎಂತ ಆಗ್ತಿ ಎಂದು ಅವಳನ್ನು ಕೇಳಿದರು. "ಸಿಸ್ಟರ್ ಆಗ್ತೀನ್ರಿ," ಎಂದಳು. ಸಿಸ್ಟರ್ ಗಾಬರಿಯಾಗಿ, "ನನ್ನ ಹಾಗೋ, ಆಸ್ಪತ್ರೆಯದ್ದೋ?" ಎಂದರು. ಅಪ್ಪ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ನರ್ಸುಗಳನ್ನು ನೋಡುತ್ತಾ ಮಂಚದ ಬುಡದಲ್ಲಿ ಕೂತಿದ್ದವಳು. ಹತ್ತನೆಯದು ಪಾಸಾದರೆ ಹಾಸ್ಟೆಲ್ ಇರುವ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ತಾನೇ ಸೇರಿಸುತ್ತೇನೆ, ಆಮೇಲೆ ನರ್ಸಿಂಗ್, ಎಂದು ಸಿಸ್ಟರ್ ಅಲ್ಲೇ ಮಾತು ಕೊಟ್ಟರು. ಅಂದಿನಿಂದ ಅವಳು ವಿಜ್ಞಾನ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ತಂದಳು. ನನಗೂ ಹುರುಪು ಬಂತು. ಮಧ್ಯಾಹ್ನದ ನಿದ್ದೆ ಬಿಟ್ಟು ಮಗಳ ಪುಸ್ತಕದಲ್ಲಿ ಹೃದಯದ ಚಿತ್ರ ನೋಡಿಕೊಂಡು ಹೋಗುತ್ತಿದ್ದೆ.

ಕ್ರಿಸ್ಮಸ್ ರಜೆ ಕಳೆದು ಶಾಲೆ ತೆರೆದ ಮೇಲೆ ಅವಳು ಬದಲಾದಳು. ಒಂದು ದಿನ ಬಂದರೆ ಎರಡು ದಿನ ಇಲ್ಲ. ಬಂದ ದಿನವೂ ಪುಸ್ತಕದ ಮೇಲೆ ಕಣ್ಣು, ಮನಸ್ಸು ಎಲ್ಲೋ. ಎಂತದು, ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ಒತ್ತಾಯ ಮಾಡಿ ಕೇಳಿದೆ.

"ಮಾವ ಬಂದಾರ್ರಿ," ಎಂದಳು ತಲೆ ತಗ್ಗಿಸಿ.

ನನಗೆ ಸಮಾಧಾನವಾಯಿತು. ಈ ಸಮಾಧಾನ ಯಾಕೆ ಎನ್ನುವುದನ್ನು ಹೇಳದಿದ್ದರೆ ನಾನು ಮುಂದೆ ಮಾಡಿದ್ದು ಯಾರಿಗೂ ಅರ್ಥವಾಗಲಿಕ್ಕಿಲ್ಲ. ಸೋದರಮಾವನಿಗೆ ತುಳುವಿನಲ್ಲಿ ತಮ್ಮಲೆ ಎನ್ನುತ್ತೇವೆ. ಹೆಣ್ಣುಮಕ್ಕಳ ಕಡೆಯಿಂದ ಮನೆತನ ನಡೆಯುವ ನಮ್ಮಲ್ಲಿ ತಮ್ಮಲೆಯ ಮಾತು ಅಪ್ಪನ ಮಾತಿಗಿಂತ ಒಂದು ತೂಕ ಜಾಸ್ತಿ. ತಮ್ಮಲೆಯ ಮಗನನ್ನು ಮದುವೆಯಾಗುವುದುಂಟು. ತಮ್ಮಲೆ ಮಾತ್ರ ಅಪ್ಪನ ಸ್ಥಾನದಲ್ಲಿರುವವರು. ನನ್ನ ಅಪ್ಪ, ಹುಡುಗಿಗೆ ಇಷ್ಟು ಓದು ಸಾಕು ಎಂದಾಗ ಕಾರ್ಕಳದಿಂದ ಬಸ್ಸು ಹತ್ತಿ ಬಂದು, ಚಹಾ ಕೂಡ ಕುಡಿಯದೆ, ನನ್ನನ್ನು ಕಾಲೇಜಿಗೆ ಕರೆದೊಯ್ದು ಸೇರಿಸಿದವರು ನನ್ನ ತಮ್ಮಲೆ. ಹಾಗಾಗಿ ಮಾವ ಬಂದಾರ್ರಿ ಎಂದು ಅವಳು ಹೇಳಿದಾಗ ನನ್ನ ಕಿವಿಗೆ ಕೇಳಿದ್ದು ಆ ಬಸ್ಸಿನಿಂದ ಇಳಿದ ಮನುಷ್ಯನ ಚಪ್ಪಲಿಯ ಸದ್ದು. ಘಟ್ಟದ ಆಚೆ ಅಕ್ಕನ ಮಗಳನ್ನು ಮದುವೆಯಾಗುತ್ತಾರೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಸಮಯಕ್ಕೆ ನೆನಪಾಗುವುದು ಬೇರೆ.

ಗೆಳತಿಗೆ ಹೇಳಿದೆ. ಅವಳೂ, "ತಮ್ಮಲೆ ಬಂದರಾ? ಹಾಗಾದರೆ ಆಯ್ತು ಬಿಡು ಮಾರಾಯ್ತಿ, ಅವರ ಹತ್ತಿರವೇ ಮಾತಾಡುವ," ಎಂದಳು. ಭಾನುವಾರ ಇಬ್ಬರೂ ಹೊರಟೆವು.

ಹೆದ್ದಾರಿಯ ಆಚೆ ಶೀಟು ಹೊದೆಸಿದ ಸಾಲು ಕೋಣೆಗಳು. ಬಾಗಿಲಲ್ಲೇ ಅಪ್ಪ ಕಾಲು ಚಾಚಿ ಕೂತಿದ್ದ. ಅಮ್ಮ ಸಂಭ್ರಮದಿಂದ ಚಾಪೆ ಹಾಸಿದಳು. ಮಾವ ಎಂದರೆ ಇಪ್ಪತ್ತೈದರ ಆಸುಪಾಸಿನ, ಗೋಡೆಗೆ ಒರಗಿ ನಿಂತ, ನಾಚಿಕೆ ಸ್ವಭಾವದ ಯುವಕ. ಕಾರ್ಕಳದಲ್ಲಿ ಕಲ್ಲು ಕೆಲಸಕ್ಕೆ ಸೇರಿ ಸ್ವಲ್ಪ ಸಮಯ ಆಗಿತ್ತಷ್ಟೇ. ನಮಗೆ ನಮಸ್ಕಾರ ಮಾಡುವಾಗ ಬಾಗಿದ. ಕಾರ್ಕಳ ಎಂದ ಕೂಡಲೇ ನನಗೆ ಇನ್ನಷ್ಟು ಪ್ರೀತಿ ಉಕ್ಕಿತು. ನಾನು ಸಿಸ್ಟರ್ ಕೊಟ್ಟ ಮಾತು, ಹಾಸ್ಟೆಲು, ನರ್ಸಿಂಗ್ ಎಲ್ಲವನ್ನೂ ವಿವರಿಸಿದೆ. ಕೊನೆಗೆ ಅವನ ಕಡೆ ತಿರುಗಿ, ನನ್ನ ಅತ್ಯಂತ ಶುದ್ಧ ಕನ್ನಡದಲ್ಲಿ ಹೇಳಿದೆ:

"ಅಪ್ಪನಿಗೆ ನಡೆಯಲಿಕ್ಕೆ ಕೂಡುವುದಿಲ್ಲ, ಅಮ್ಮನಿಗೆ ಪುರುಸೊತ್ತಿಲ್ಲ. ಮಾವನಾಗಿ ಇನ್ನು ಇವಳ ಕೈ ಹಿಡಿಯಬೇಕಾದವರು ನೀವೇ. ನೀವು ಕೈ ಹಿಡಿದರೆ ಇವಳಿಗೆ ಯಾವ ಭಯವೂ ಇಲ್ಲ."

ಅವನ ಮುಖ ಕೆಂಪಾಯಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೋಡಿ ಸಕ್ಕರೆ ಡಬ್ಬ ತಂದು ನಮ್ಮಿಬ್ಬರ ಅಂಗೈಗೂ ಸಕ್ಕರೆ ಹಾಕಿದಳು. ಹುಡುಗಿ ಕೊಡ ಎತ್ತಿಕೊಂಡು ನೀರಿಗೆ ಹೋದಳು. ನಾವು ಹೊರಡುವವರೆಗೂ ಬರಲಿಲ್ಲ. ಎಂತ ಒಳ್ಳೆಯ ಜನ ಅಲ್ವಾ ಎಂದು ಮಾತಾಡಿಕೊಂಡು, ಸಕ್ಕರೆ ಚಪ್ಪರಿಸುತ್ತಾ, ನಾವು ಬಸ್ ಸ್ಟ್ಯಾಂಡಿಗೆ ಬಂದೆವು.

ಮರುದಿನ ಸಂಜೆ ಅವಳು ನನ್ನ ಬೆಂಚಿಗೆ ಬರಲಿಲ್ಲ. ಶಾಲೆಯ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ನಾನೇ ಹೋದೆ.

"ನೀವೂ ಹೂಂ ಅಂದ್ರಿ ಅಂತ ಅವ್ವ ಓಣಿ ತುಂಬ ಹೇಳಾಕತ್ತಾಳ್ರಿ," ಎಂದಳು.

"ಎಂತದಕ್ಕೆ ಹೂಂ ಅಂದೆ ನಾನು?"

"ಮದುವಿಗ್ರಿ. ಮಾವನ ಕೂಡ. ಟೀಚರು ತಾವಾಗೇ ಬಂದು ಕೈ ಹಿಡೀಪಾ ಅಂದ್ರು, ಇನ್ನೇನ ಬೇಕು ಅಂತಾಳ."

ನಾನು ಬಾವಿಕಟ್ಟೆಯ ಮೇಲೆ ಕೂತೆ. ನಿನಗೆ ಇಷ್ಟ ಉಂಟಾ ಎಂದು ಕೇಳಿದೆ. ಈ ಸಲ ಅವಳು ಗಾಳಿಯಲ್ಲಿ ಗೀರು ಹಾಕಲಿಲ್ಲ.

"ಮಾವ ಒಳ್ಳೇವ ಅದಾನ್ರಿ. ಸಣ್ಣಾಕಿದ್ದಾಗ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ತಿರಗ್ಯಾನ. ಅದಕ್ಕ ಬ್ಯಾಡ ಅನ್ನಾಕ ಬಾಯಿ ಬರವಲ್ದು. ನನಗ ಓದಬೇಕ್ರಿ ಟೀಚರ."

ಅವನು ಕುಡುಕನೋ ಕೆಟ್ಟವನೋ ಆಗಿದ್ದರೆ ಎಷ್ಟು ಸುಲಭವಿತ್ತು. ಬೈಯಲಿಕ್ಕೆ ಒಬ್ಬರಾದರೂ ಸಿಗುತ್ತಿದ್ದರು.

ಅದೇ ಸಂಜೆ ಓಡಿದೆ. ಅಮ್ಮ ಇನ್ನೂ ಬಂದಿರಲಿಲ್ಲ, ಕಾದೆ. ಬಂದವಳಿಗೆ ನಾನು ಹೇಳಿದ್ದು ಆ ಅರ್ಥದಲ್ಲಿ ಅಲ್ಲ, ನಮ್ಮಲ್ಲಿ ಮಾವ ಎಂದರೆ ಅಪ್ಪನ ಹಾಗೆ, ಹುಡುಗಿಗೆ ಹದಿನೆಂಟು ಆಗಲಿಲ್ಲ, ಇದು ಕಾನೂನಿಗೂ ವಿರುದ್ಧ ಎಂದು ಏದುಸಿರಿನಲ್ಲಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ದಣಿದ ಮುಖದಲ್ಲಿ ನನ್ನನ್ನೇ ನೋಡಿದಳು.

"ಹೊರಗಿನವ್ರಿಗೆ ಕೊಟ್ರ ಹೆಂಗ ನೋಡ್ಕೋತಾರೋ ಯಾರಿಗ್ಗೊತ್ತು? ನಾ ದಿನಾ ಉಡುಪಿಗೆ ಹೋಗಾಕಿ, ಇವರು ಕುಂತಲ್ಲೇ ಕುಂತವ್ರು. ಹುಡುಗಿ ಒಬ್ಬಾಕಿನ ಇರ್ತಾಳ. ನನ್ನ ತಮ್ಮ ಇದ್ದ ಅಂದ್ರ ಆಕಿಗೆ ಯಾವ ಭಯಾನೂ ಇಲ್ಲ. ನೀವ ಅಂದ್ರಲ್ರೀ."

ನನ್ನ ಮಾತನ್ನೇ ನನಗೆ ವಾಪಸು ಕೊಟ್ಟಳು. ತಾನು ಕೆಲಸಕ್ಕೆ ಹೋದ ಮೇಲೆ ಹುಡುಗಿಯನ್ನು ದಿನವಿಡೀ ಯಾರು ನೋಡಿಕೊಳ್ಳುತ್ತಾರೆ ಎಂದು ಅವಳು ಕೇಳಿದ್ದರೆ ಏನು ಹೇಳುತ್ತಿದ್ದೆ? ಸಂಜೆ ಒಂದು ಗಂಟೆ ನಾನಿದ್ದೇನೆ ಎನ್ನಲೇ?

ಸಿಸ್ಟರಿಗೆ ಹೇಳಿದೆ. ಅವರು ಎಲ್ಲ ಕೇಳಿ, ಮೇಜಿನ ಮೇಲಿನ ಶಿಲುಬೆಯನ್ನು ಒಂದು ಕ್ಷಣ ಮುಟ್ಟಿ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಮಾಡಲೇಬೇಕಿತ್ತು. ಉಡುಪಿಯಿಂದ ಅಧಿಕಾರಿಗಳು ಬಂದರು, ತಿಳಿ ಹೇಳಿದರು, ಸ್ವಲ್ಪ ಹೆದರಿಸಿದರು. ಹುಡುಗಿಗೆ ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ ಎಂದು ಅಪ್ಪ ಬರೆದುಕೊಟ್ಟ. ಗೋಡೆಗೆ ಒರಗಿದ್ದ ಯುವಕ ನನ್ನನ್ನು ನೋಡಿ, "ಆಕಿ ಓದೂದು ನನಗೇನ ಬ್ಯಾಡಾಗಿಲ್ರಿ. ಅಕ್ಕನ ಮಾತು ಹೆಂಗ ತೆಗದ ಹಾಕ್ಲಿ?" ಎಂದ. ಅವನ ಕಣ್ಣೂ ನೀರಾಡಿತ್ತು. ಅದನ್ನು ನೋಡಲಿಕ್ಕೆ ನನಗೆ ಮನಸ್ಸಿರಲಿಲ್ಲ, ಆದರೂ ನೋಡಿದೆ.

ನಾಲ್ಕೈದು ದಿನ ಅವಳು ಸರಿಯಾಗಿ ಬಂದಳು. ಹೃದಯದ ಚಿತ್ರವನ್ನು ನೋಡದೆ ಬರೆದು ತೋರಿಸಿ, ಇದು ಪರೀಕ್ಷೆಗೆ ಬಂದೇ ಬರುತ್ತದೆ ಎಂದಳು. ನಾವು ಗೆದ್ದೆವು ಎಂದುಕೊಂಡೆವು. ಗೆಳತಿ ಮನೆಯಿಂದ ಕೊಟ್ಟೆ ಕಡುಬು ಮಾಡಿ ತಂದು ಮಕ್ಕಳಿಗೆಲ್ಲ ಹಂಚಿದಳು. ಮರುವಾರ ಅವಳಿಲ್ಲ. ಹೋಗಿ ನೋಡಿದರೆ ಕೋಣೆಗೆ ಬೀಗ. ಪಕ್ಕದ ಕೋಣೆಯವರು, ಊರಾಗ ಯಾರಿಗೋ ಹುಷಾರಿಲ್ಲಂತ, ಹೋದ್ರು ಎಂದರು. ಊರು ಯಾವುದು ಎಂದರೆ ಬಾದಾಮಿ ಕಡೆ ಎಂದು ಒಬ್ಬರು, ಇಲಕಲ್ ಕಡೆ ಎಂದು ಇನ್ನೊಬ್ಬರು. ಅಮ್ಮನ ಫೋನು ಸ್ವಿಚ್ ಆಫ್. ಶಾಲೆಯಲ್ಲಿದ್ದದ್ದು ಇಲ್ಲಿಯ ಬಾಡಿಗೆ ಕೋಣೆಯ ವಿಳಾಸ ಮಾತ್ರ. ಅಧಿಕಾರಿಗಳು ಆ ಜಿಲ್ಲೆಯವರಿಗೆ ತಿಳಿಸಿದ್ದೇವೆ ಎಂದರು. ಅದಕ್ಕಿಂತ ಹೆಚ್ಚು ಅವರಾದರೂ ಏನು ಹೇಳಿಯಾರು? ಫೋನ್ ಮಾಡದೇ ಇದ್ದಿದ್ದರೆ ಅವರು ಪರೀಕ್ಷೆಯವರೆಗಾದರೂ ಇಲ್ಲೇ ಇರುತ್ತಿದ್ದರೋ ಏನೋ ಎಂದು ಸಿಸ್ಟರ್ ಒಮ್ಮೆ ನನ್ನ ಹತ್ತಿರ ಹೇಳಿದರು. ನಾನು ಭಾನುವಾರ ಹೋಗದೇ ಇದ್ದಿದ್ದರೆ ಎಂದು ನಾನು ಹೇಳಿದೆ.

ಪರೀಕ್ಷೆಯ ದಿನಗಳಲ್ಲಿ ನಮ್ಮ ಗುಂಪಿನ ಪೋಷಕರು ಕೇಂದ್ರದ ಗೇಟಿನ ಹೊರಗೆ ಮಜ್ಜಿಗೆ ಹಿಡಿದು ನಿಲ್ಲುವುದು ಕ್ರಮ. ಒಬ್ಬೊಬ್ಬರೂ ತಮ್ಮ ದತ್ತು ಮಗು ಹೊರಗೆ ಬರುವುದನ್ನೇ ಕಾಯುತ್ತಾರೆ. ನಾನೂ ನಿಂತೆ. ಬರುವ ಮಗು ಇಲ್ಲದಿದ್ದರೂ ಮನೆಯಲ್ಲಿ ಮಲಗಲಿಕ್ಕೆ ಆಗಲಿಲ್ಲ. ಬಂದ ಮಕ್ಕಳಿಗೆಲ್ಲ ಲೋಟ ಕೊಟ್ಟೆ, ಹೇಗಾಯ್ತು ಎಂದು ಕೇಳಿದೆ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಟೀಚರ, ನಾನ್ರಿ. ವಿಜ್ಞಾನಕ್ಕ ಹೃದಯದ ಚಿತ್ರ ಬಂದಿತ್ತೇನ್ರಿ?"

"ಬಂದಿತ್ತು," ಎಂದೆ.

"ನಾ ಅನ್ನಲಿಲ್ರೀ, ಬರ್ತೈತಿ ಅಂತ?" ನಕ್ಕಳು. ಕೂಡಲೇ ತಾನೇ, "ಬರ್ತದೆ ಅಂತ," ಎಂದು ತಿದ್ದಿಕೊಂಡಳು.

"ಎಲ್ಲಿದ್ದೀ ಮಗಾ? ಎಲ್ಲಿ ಉಂಟು ನೀನೀಗ?" ಕನ್ನಡವೆಲ್ಲ ಕಲಸಿಹೋಯಿತು.

"ಮಾವನ ಮನ್ಯಾಗ ಅದೀನ್ರಿ," ಎಂದಳು.

ಅಜ್ಜಿಯ ಮನೆಗೆ ಹೋದ ಹುಡುಗಿಯೂ ಹಾಗೇ ಹೇಳುತ್ತಾಳೆ. ಮದುವೆಯಾಗಿ ಹೋದ ಹುಡುಗಿಯೂ ಹಾಗೇ ಹೇಳುತ್ತಾಳೆ. ಅವಳ ಪಾಲಿಗೆ ಎರಡೂ ಒಂದೇ ಮನೆ, ಒಂದೇ ಬಾಗಿಲು. ಯಾವುದು ಎಂದು ಕೇಳಬೇಕು, ಈಗಲೇ ಕೇಳಬೇಕು ಎಂದು ನಾನು ತುಳುವಿನಿಂದ ಕನ್ನಡಕ್ಕೆ ಸರಿಯಾದ ಮಾತು ಹುಡುಕುತ್ತಿರುವಾಗಲೇ ಆಚೆಯಿಂದ ಯಾರೋ ಅವಳನ್ನು ಕರೆದರು. "ಬಂದ್ನಿ," ಎಂದು ಅವಳು ಅವರಿಗೆ ಹೇಳಿದ್ದು ಕೇಳಿಸಿತು. ಮತ್ತೆ ಆ ನಂಬರು ಹತ್ತಲಿಲ್ಲ.