ಬರ್ತೇನಿ ಅನ್ರಿ

ಐಸಿಯುನಲ್ಲಿ ಮಲಗಿದ್ದ ಅಪ್ಪನನ್ನು ನೋಡಲು ಹಾವೇರಿಯ ಆ ಆಸ್ಪತ್ರೆಯಲ್ಲಿ ದಿನಕ್ಕೆ ಐದೇ ನಿಮಿಷ ಬಿಡುತ್ತಿದ್ದರು. ಅಲ್ಲಿನ ಸಿಸ್ಟರ್ ಮೊದಲು ತಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಅವನ ಕೈ ಮುಟ್ಟುತ್ತಿದ್ದರು. ಅವ್ವ ಹೊರಡುವಾಗ ಅವರದು ಒಂದೇ ಮಾತು: “ಹಂಗ ಹೋಗಬ್ಯಾಡ್ರಿ ಅವ್ವಾರ. ‘ಬರ್ತೇನಿ’ ಅನ್ರಿ. ಅವರಿಗೆ ಕೇಳಸ್ತೈತಿ.” ಕಣ್ಣೇ ತೆರೆಯದವನಿಗೆ ಏನು ಕೇಳಿಸೀತೆಂದು ನನಗೆ ಸಿಟ್ಟು ಬರುತ್ತಿತ್ತು. ಅವ್ವ ಮಾತ್ರ ಬಗ್ಗಿ, ಅವನ ಕಿವಿಯಲ್ಲಿ ಹೇಳಿಯೇ ಬರುತ್ತಿದ್ದಳು.

ಹತ್ತನೆಯ ದಿನ ಡಾಕ್ಟರು ಇನ್ನು ಆಗುವುದಿಲ್ಲವೆಂದರು. ಸಿಸ್ಟರ್ ಅವ್ವನಿಗೆ ಸ್ಟೂಲು ಹಾಕಿ, ಅಪ್ಪನ ಕೈಯನ್ನು ಅವಳ ಕೈಯಲ್ಲಿಟ್ಟರು. “ಇವತ್ತ ‘ಬರ್ತೇನಿ’ ಅನಬ್ಯಾಡ್ರಿ ಅವ್ವಾರ,” ಎಂದರು. “ಅವರು ಹೊಂಟಾರ.”

ಅವ್ವನಿಗೆ ತಿಳಿಯಿತು. ನಮ್ಮೂರು ಅಗಡಿಯ ಮನೆ ಬಾಗಿಲಲ್ಲಿ ನಿಂತು, ಬಸ್ಸಿಗೆ ಹೊರಟ ಅಪ್ಪನಿಗೆ ದಿನಾ ಹೇಳುತ್ತಿದ್ದುದನ್ನೇ ಹೇಳಿದಳು: “ಹೋಗಿ ಬರ್ರಿ.”