ಮನೆಗೊಂದು ನೀಲಿ

ಮಾನ್ವಿಯ ಆ ಓಣಿಯಲ್ಲಿ ಕೌದಿ ಎಂದರೆ ಗೋಪಮ್ಮ. ಹಾಗಾಗಿ ಓಣಿಯ ಸಮುದಾಯ ಭವನಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು, ಮನೆಗೊಂದು ಹಳೇ ಬಟ್ಟೆ ಕೂಡಿಸಿ ನೆನಪಿನ ಕೌದಿ ಹೊಲಿಸಿ ಗೋಡೆಗೆ ಹಾಕೋಣ ಎಂಬ ಮಾತು ಬಂದಾಗ ಎಲ್ಲರ ಕಣ್ಣು ಅವಳ ಮೇಲೇ ಬಿತ್ತು. ಬಟ್ಟೆ ಕೂಡಿಸುವ ಹೊಣೆ ಅವಳ ಅಣ್ಣನ ಮಗಳು, ಶಾಲೆಯಲ್ಲಿ ಟೀಚರಾಗಿದ್ದ ಕಲ್ಯಾಣಿಯದು.

ಗೋಪಮ್ಮ ತನ್ನದೊಂದು ನೀಲಿ ಸೀರೆ ಒಗೆದು, ಮಡಚಿ, ಬಾಗಿಲ ಪಕ್ಕದ ಗೂಡಿನಲ್ಲಿಟ್ಟು ಕಾದಳು. ಕಲ್ಯಾಣಿ ಬಂದಳು, ಬಟ್ಟೆಯ ಗಂಟು ಇಳಿಸಿದಳು, ನೀರು ಕುಡಿದಳು, ಎದ್ದು ಹೊರಟಳು. ಕೊನೆಗೆ ಗೋಪಮ್ಮನೇ ಬಾಯಿ ಬಿಡಬೇಕಾಯಿತು.

"ನಂದೊಂದು ಬ್ಯಾಡೇನು?"

"ನಿಂದು ನಮ್ಮ ಮನ್ಯಾಗ ಬಂತಲ್ಲ, ಅತ್ತಿ. ಅವ್ವ ಕೊಟ್ಟಾಳ."

ಹುಡುಗಿ ಹೇಳಿದ್ದು ಸುಳ್ಳಲ್ಲ. ರೇಷನ್ ಕಾರ್ಡಿನಲ್ಲಿ ಗೋಪಮ್ಮ ಅಣ್ಣ ಹಂಪಯ್ಯನ ಮನೆಯವಳೇ. ಆದರೆ ದೇವದುರ್ಗದ ಕಡೆಯ ಜಾಲಹಳ್ಳಿಗೆ ಮದುವೆಯಾಗಿ ಹೋಗಿ, ಗಂಡ ಇನ್ನೊಬ್ಬಳನ್ನು ತಂದುಕೊಂಡ ಮೇಲೆ ತಿರುಗಿ ಬಂದವಳು, ಓಣಿಯ ತುದಿಯ ಒಂದೇ ಕೋಣೆಯಲ್ಲಿ ಮೂವತ್ತು ವರ್ಷದಿಂದ ತನ್ನ ಒಲೆ ತಾನೇ ಹಚ್ಚಿಕೊಂಡಿದ್ದಾಳೆ. ಅದೂ ಒಂದು ಮನೆಯಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಗೂಡಿನಲ್ಲಿದ್ದ ನೀಲಿ ಸೀರೆಯನ್ನು ತೆಗೆದು ಒಳಗಿಟ್ಟಳು.

ಗಂಟು ಬಿಚ್ಚಿದಾಗ ಮಾತ್ರ ನಗು ಬಂತು. ನೀಲಿ, ನೀಲಿ, ಬರೀ ನೀಲಿ. ಏಪ್ರಿಲ್‌ನ ಜಯಂತಿಯ ಮೆರವಣಿಗೆಯ ಬಣ್ಣ. ಭವನದ ಕೌದಿಗೆ ಅದನ್ನು ಬಿಟ್ಟು ಬೇರೆ ಕೊಡಲು ಯಾರಿಗೆ ಮನಸ್ಸು ಬಂದೀತು? ಬೇರೆ ಬಣ್ಣ ಬೇರೆಯವರು ಕೊಡಲಿ, ನಮ್ಮದು ನೀಲಿ ಇರಲಿ ಎಂದು ಒಂದೊಂದು ಮನೆಯೂ ಜಾಣತನ ಮಾಡಿತ್ತು. ಸೀರೆ, ಅಂಗಿ, ಶಾಲೆಯ ಯೂನಿಫಾರ್ಮು, ಯಾವನೋ ಪುಣ್ಯಾತ್ಮನ ಲುಂಗಿ. ಪಕ್ಕಪಕ್ಕ ಇಟ್ಟರೆ ಯಾರ ಮನೆ ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಒಂದೂ ತಿಳಿಯದು. ನಾಳೆ "ನಮ್ದೆಲ್ಲಿ" ಎಂದು ಅವಳ ಜೀವ ತಿನ್ನುವವರು ಇವರೇ.

ನಡುನಡುವೆ ಬೇರೆ ಬಣ್ಣದ ಪಟ್ಟಿ ಕೊಡದೆ ದಾರಿಯಿರಲಿಲ್ಲ. ಕೆಂಪು ಇಟ್ಟು ನೋಡಿದಳು, ನೀಲಿಗಳೆಲ್ಲ ಕಪ್ಪಿಟ್ಟವು. ಬಿಳಿಯ ಪಕ್ಕದಲ್ಲಿ ಹಳೆಯ ಅಂಗಿಗಳು ಇನ್ನಷ್ಟು ಮಾಸಿ ಕಂಡವು. ಹಸಿರಂತೂ ನೀಲಿಯಲ್ಲೇ ಮುಳುಗಿತು. ಹಳದಿಯೇ ಆಗಬೇಕೆಂದು ಬಸ್ ಹತ್ತಿ ರಾಯಚೂರಿಗೆ ಹೋಗಿ ತುಂಡುಬಟ್ಟೆಯ ಅಂಗಡಿಗಳನ್ನೆಲ್ಲ ಸುತ್ತಿದಳು. ಒಂದು ಚೆನ್ನಾಗಿಯೇ ಇತ್ತು, ಒದ್ದೆ ಬೆರಳಿನಿಂದ ತಿಕ್ಕಿದರೆ ಬಣ್ಣ ಬೆರಳಿಗೇ ಬಂತು. ಅದನ್ನು ಸೇರಿಸಿದರೆ ಒಂದೇ ಒಗೆತಕ್ಕೆ ಓಣಿಯ ನೀಲಿಯೆಲ್ಲ ಹಸಿರಾದೀತು. ಬರಿಗೈಲಿ ಬಂದಳು.

ನಿಜ ಹೇಳಬೇಕೆಂದರೆ, ಬಣ್ಣ ಬಿಡದ ಹಳದಿ ಎಲ್ಲಿದೆಯೆಂದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ರಾಯಚೂರಿಗೆ ಹೋಗಿದ್ದಳು. ಟ್ರಂಕಿನ ತಳದಲ್ಲಿ, ಅರಿಷಿಣ ಹಚ್ಚಿದ ದಿನ ಉಟ್ಟ ನೂಲಿನ ಸೀರೆ. ಗಂಡನ ಮುಖ ಮರೆತು ಎಷ್ಟೋ ಕಾಲವಾಗಿತ್ತು. ಸೀರೆಯನ್ನು ಮಾತ್ರ ಬಿಟ್ಟಿರಲಿಲ್ಲ. ಓಣಿಯ ಹೆಂಗಸರೆಲ್ಲ ಅವಳನ್ನು ನಡುವೆ ಕೂಡಿಸಿಕೊಂಡು ಹಾಡಿದ್ದು ಅದೊಂದು ದಿನವೇ. ಕತ್ತರಿ ಹಿಡಿದು ಅತ್ತಳು, ಅಳುತ್ತಲೇ ಕತ್ತರಿಸಿದಳು. ಹಳದಿ ಪಟ್ಟಿ ಕೂತಂತೆಲ್ಲ ನೀಲಿಗಳು ಒಂದೊಂದಾಗಿ ಬೇರೆಯಾಗಿ, ಕಳೆಗಟ್ಟಿ ಕಂಡವು. ಲುಂಗಿಯೂ ಕೂಡ.

ಕಾರ್ಯಕ್ರಮದ ದಿನ ಕೌದಿ ಗೋಡೆಗೇರಿತು. ಹೆಂಗಸರೆಲ್ಲ ಮುಗಿಬಿದ್ದು ತಮ್ಮ ತಮ್ಮ ನೀಲಿ ಹುಡುಕಿ ಮುಟ್ಟಿ ನೋಡಿದರು. ಗೋಪಮ್ಮ ಹಿಂದೆ ನಿಂತು ಕಾದಳು. ಹಳದಿ ಯಾರದು ಎಂದು ಒಬ್ಬರಾದರೂ ಕೇಳಲಿ ಎಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು.

ಅಣ್ಣನ ಹೆಂಡತಿ ಅಂಬಮ್ಮ ಪಟ್ಟಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ಅಂದು ಆ ಸೀರೆ ಉಡಿಸಿ ನಿರಿಗೆ ಹಿಡಿದವಳು ಅವಳೇ.

"ಬಣ್ಣ ಗಟ್ಟಿ ಅದ ಗೋಪವ್ವ. ರಾಯಚೂರಾಗ ತಂದೇನು?"

"ಇಲ್ಲ. ಅದು ಗೋಪಮ್ಮನ ಮನೀದು."

ಅಂಬಮ್ಮ ಪ್ರೀತಿಯಿಂದಲೇ ನಕ್ಕು ಅವಳ ಭುಜ ತಟ್ಟಿದಳು. "ನಿನ್ನ ಮನಿ ಬ್ಯಾರೆ ಅದೇನು, ಹುಚ್ಚಿ? ನಮ್ಮ ಮನೀದು ಅಲ್ಲಿ ಮ್ಯಾಲ ಅದ ನೋಡು."

ಸುತ್ತಲಿದ್ದವರೂ ನಕ್ಕರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಎಲ್ಲರೂ ತಮ್ಮ ತಮ್ಮ ಮನೆಯವರನ್ನು ಕೂಗಿಕೊಳ್ಳುತ್ತ ಪಂಕ್ತಿಗೆ ಹೋದರು. ಗೋಪಮ್ಮ ಚಪ್ಪಲಿ ಮೆಟ್ಟಿಕೊಂಡು ಓಣಿಯ ತುದಿಗೆ ನಡೆದಳು. ಬೀಗ ತೆಗೆದು, ಒಲೆ ಹಚ್ಚಿ, ಒಬ್ಬಳಿಗಾಗುವಷ್ಟು ಅನ್ನಕ್ಕೆ ಎಸರಿಟ್ಟಳು.